ಹೊಂಬಣ್ಣದ ಬೆಲ್ಲ, ಹಸಿರು ಚುಕ್ಕೆ

ಕಂಪ್ಲಿ
7 ಅಕ್ಟೋಬರ್ 2024

ಕಾವ್ಯಾ,

ಪೆಟ್ಟಿಗೆಯಲ್ಲಿ ಐದು ಪೆಂಟೆ ಬೆಲ್ಲ ಇದೆ. ಬಿಚ್ಚಿದ ಕೂಡಲೇ ಎಣಿಸು. ಕಂಡಕ್ಟರ್ ಗಾದಿಲಿಂಗಪ್ಪ ಒಳ್ಳೆಯವನೇ. ಆದರೆ ಹೊಸಪೇಟೆ ಸ್ಟ್ಯಾಂಡಿನಲ್ಲಿ ಸಂಡೂರಿನ ಗಾಡಿಗೆ ದಾಟಿಸುವಾಗ ಪೆಟ್ಟಿಗೆ ಇನ್ನೊಬ್ಬನ ಕೈಗೆ ಹೋಗುತ್ತದೆ. ಆ ಇನ್ನೊಬ್ಬನನ್ನು ನಾನು ಕಂಡಿಲ್ಲ. ಕಾಣದವರನ್ನು ನಾನು ಬೈಯುವುದಿಲ್ಲ, ಹೊಗಳುವುದೂ ಇಲ್ಲ. ಎಣಿಸುತ್ತೇನೆ, ಅಷ್ಟೆ.

ಫೋನಿನಲ್ಲೇ ಹೇಳಬಾರದೇ ಎಂದು ನೀನು ರೇಗುತ್ತೀ. ಫೋನಿನಲ್ಲಿ ಆಡಿದ ಮಾತನ್ನು ನಾಳೆ ನೀನು ಕೇಳಿಸಲಿಲ್ಲ ಎನ್ನಬಹುದು, ನಾನು ಆಡಲೇ ಇಲ್ಲ ಎನ್ನಬಹುದು. ಪೆಟ್ಟಿಗೆಯ ಜೊತೆ ಕಾಗದ ಇಟ್ಟರೆ ಇಬ್ಬರೂ ಸಿಕ್ಕಿಬೀಳುತ್ತೇವೆ. ನೀನೂ ಕಾಗದದಲ್ಲೇ ಉತ್ತರ ಬರಿ.

ಈಗ ನನಗೆ ತಿಳಿಯದ ವಿಷಯ. ಐದು ವರ್ಷದಿಂದ ನೀನು ನೊಣ ಸಾಕುತ್ತಿದ್ದೀ. ಇಪ್ಪತ್ತೆರಡು ವರ್ಷದಿಂದ ನಾನು ಅಂಗಡಿಯಲ್ಲಿ ನೊಣ ಓಡಿಸುತ್ತಿದ್ದೇನೆ. ಒಂದೇ ಮನೆಯಲ್ಲಿ ಎರಡು ಕಸುಬು. ಅದೂ ಹೋಗಲಿ. ಇದ್ದಕ್ಕಿದ್ದಂತೆ ನಿಮ್ಮ ಲ್ಯಾಬಿನ ಚಂದ್ರಕಲಾ ಮೇಡಂಗೆ ನನ್ನ ಅಂಗಡಿಯ ಬೆಲ್ಲವೇ ಏಕೆ ಬೇಕಾಯಿತು? ಸಂಡೂರಿನಲ್ಲಿ ಬೆಲ್ಲವಿಲ್ಲವೇ? ಶುದ್ಧ ಬೆಲ್ಲ ಬೇಕು ಎಂದು ಮೇಡಂ ಹೇಳಿದರು, ನಮ್ಮ ಅವ್ವನ ಬೋರ್ಡಿನ ಮೇಲೇ ಹಾಗೆ ಬರೆದಿದೆ ಎಂದು ನೀನು ಹೇಳಿದೆ ಅಂತ ಬರೆದಿದ್ದೀ. ಸರಿ. ಆದರೆ ಅದೇ ಕಾಗದದಲ್ಲಿ ಹುಲಿಗೇಶ್ ಎಂಬ ಹೆಸರು ಮೂರು ಸಲ ಬಂದಿದೆ. ಮೇಡಂ ಹೆಸರು ಎರಡೇ ಸಲ.

ಮೊದಲು ಮನೆಗಿಟ್ಟ ಕಪ್ಪು ಬೆಲ್ಲವನ್ನೇ ಕಟ್ಟಿದ್ದೆ. ಆಮೇಲೆ ಮನಸ್ಸು ಒಪ್ಪಲಿಲ್ಲ. ಓದಿದವರ ಮೇಜಿನ ಮೇಲೆ ಅದು ಸಗಣಿ ಉಂಡೆಯಂತೆ ಕಾಣುತ್ತದೆ. ಬಿಚ್ಚಿ, ಮುಂದಿನ ಸಾಲಿನ ಹೊಂಬಣ್ಣದ ಪೆಂಟೆ ಇಟ್ಟಿದ್ದೇನೆ. ಹಂಪಿಯ ಅಂಗಡಿಗಳಲ್ಲಿ ಫಾರಿನ್ನಿನವರು ಫೋಟೋ ತೆಗೆಯುವುದು ಇದನ್ನೇ. ಇದರ ಮೇಲೆ ಒಂದು ನೊಣ ಕೂತರೆ ತೋರಿಸಿ ಎಂದು ಗಿರಾಕಿಗಳಿಗೆ ಸವಾಲು ಹಾಕುವವಳು ನಾನು. ಈಗ ನೊಣಕ್ಕೇ ಕಳಿಸುತ್ತಿದ್ದೇನೆ.

ನಿನ್ನ ಅವ್ವ,
ಪಂಪಮ್ಮ


ಸಂಡೂರು
15 ಅಕ್ಟೋಬರ್ 2024

ಅವ್ವಾ,

ಐದೂ ಪೆಂಟೆ ಬಂದವು. ಮೇಡಂ ಕೈಯಲ್ಲಿ ಹಿಡಿದು, "ಎಷ್ಟು ಚೆಂದ ಬಣ್ಣ!" ಎಂದರು. ನಿನಗೆ ಖುಷಿಯಾಗಲಿ ಎಂದು ಬರೆದೆ.

ಹುಲಿಗೇಶ್ ನನಗಿಂತ ಒಂದು ವರ್ಷ ಸೀನಿಯರ್. ಊರು ದೋಣಿಮಲೈ, ಅವನ ಅಪ್ಪ ಗಣಿಯ ಸ್ಟಾಫ್ ಬಸ್ಸು ಓಡಿಸುತ್ತಾರೆ. ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಾನೆ. ನೊಣಗಳಿಗೆ ಅಡುಗೆ ಮಾಡುವವನು ಅವನೇ. ಜೋಳದ ಹಿಟ್ಟು, ಬೆಲ್ಲ, ಯೀಸ್ಟು ಬೇಯಿಸಿ ಗಾಜಿನ ಬಾಟಲಿಗೆ ಹೊಯ್ಯುತ್ತಾನೆ. ಹೆಸರು ಮೂರು ಸಲ ಬಂದದ್ದು ಅದಕ್ಕೆ. ಇದರಲ್ಲಿ ನಾಲ್ಕು ಸಲ ಬರಬಹುದು, ಎಣಿಸಿಕೋ.

ನಾನು ಮಾಡುವುದೇನೆಂದು ಎಷ್ಟು ಸಲ ಹೇಳಿದರೂ ನೀನು "ನೊಣ ಸಾಕ್ತಾಳ" ಎಂದೇ ಓಣಿಯವರಿಗೆ ಹೇಳುತ್ತೀ. ಕಾಗದದಲ್ಲಿ ಕೇಳಿದ್ದೀ, ಕಾಗದದಲ್ಲೇ ಹೇಳುತ್ತೇನೆ.

ನಾನು ನೋಡುವುದು ಸಾವನ್ನು. ರೋಗದ ಸಾವಲ್ಲ, ಮೈ ತಾನೇ ಗೊತ್ತುಮಾಡಿದ ಸಾವು. ನಾನು ನಿನ್ನ ಹೊಟ್ಟೆಯಲ್ಲಿದ್ದಾಗ ನನ್ನ ಬೆರಳುಗಳ ನಡುವೆ ಬಾತುಕೋಳಿಗಿರುವಂತೆ ಚರ್ಮ ಇತ್ತು. ಅಲ್ಲಿನ ಜೀವಕೋಶಗಳಿಗೆ "ನಿಮ್ಮ ಕೆಲಸ ಮುಗಿಯಿತು" ಎಂದು ಅಪ್ಪಣೆಯಾಯಿತು, ಅವು ಸತ್ತವು, ಬೆರಳು ಬಿಡಿಯಾದವು. ನೊಣದಲ್ಲೂ ಹಾಗೆಯೇ. ಗೂಡಿನಿಂದ ಹೊರಬಂದ ಕೆಲವೇ ಗಂಟೆಗಳಲ್ಲಿ ಅದರ ರೆಕ್ಕೆಯೊಳಗಿನ ಜೀವಕೋಶಗಳು ಸತ್ತು ಖಾಲಿಯಾಗಬೇಕು. ಆಗ ಮಾತ್ರ ರೆಕ್ಕೆ ಗಾಜಿನಂತಾಗುತ್ತದೆ. ಸಾಯದೆ ಉಳಿದರೆ ರೆಕ್ಕೆ ಮಬ್ಬು ಮಬ್ಬಾಗಿ ಗುಳ್ಳೆ ಏಳುತ್ತದೆ. ಸಾಯುವ ಕೋಶ ಪಕ್ಕದ ಕೋಶಕ್ಕೆ ತೊಂದರೆ ಕೊಡುವುದಿಲ್ಲ, ತನ್ನನ್ನು ತಾನೇ ಮಡಚಿಕೊಂಡು ಚೂರಾಗಿ ಹೋಗುತ್ತದೆ.

ನೊಣವಾಗುವ ಮೊದಲು ಅದು ಹುಳ. ಹುಳದ ಮೈಯೊಳಗೆ ಮುಂದೆ ರೆಕ್ಕೆಯಾಗುವ ಪುಟ್ಟ ಬಿಲ್ಲೆ ಇರುತ್ತದೆ. ಅದನ್ನು ಬಿಡಿಸಿ ಬಣ್ಣ ಹಾಕಿದರೆ ಸಾಯುತ್ತಿರುವ ಕೋಶಗಳು ಮೈಕ್ರೋಸ್ಕೋಪಿನಲ್ಲಿ ಹಸಿರು ಚುಕ್ಕೆಗಳಾಗಿ ಹೊಳೆಯುತ್ತವೆ. ನಾನು ಚುಕ್ಕೆ ಎಣಿಸುತ್ತೇನೆ. ಆರೋಗ್ಯದ ಹುಳದಲ್ಲಿ ಒಂದು ಬಿಲ್ಲೆಗೆ ಆರೋ ಎಂಟೋ. ನನ್ನ ಹುಳಗಳ ಒಂದು ತಳಿಯಲ್ಲಿ ಅಪ್ಪಣೆ ತಲುಪುವುದಿಲ್ಲ, ಚುಕ್ಕೆ ಒಂದೋ ಎರಡೋ. ಈ ಎರಡರ ವ್ಯತ್ಯಾಸವೇ ನನ್ನ ಪಿಎಚ್‌ಡಿ. ಜನವರಿ ಕೊನೆಗೆ ಫೆಲೋಶಿಪ್ ಮುಗಿಯುತ್ತದೆ. ಅಷ್ಟರಲ್ಲಿ ಎಣಿಕೆ ಮುಗಿಯಬೇಕು.

ನೀನೂ ಎಣಿಸುವವಳು, ನಾನೂ ಎಣಿಸುವವಳು. ಎರಡು ಕಸುಬಲ್ಲ, ಒಂದೇ.

ನಿನ್ನ,
ಕಾವ್ಯ


ಕಂಪ್ಲಿ
11 ನವೆಂಬರ್ 2024

ಕಾವ್ಯಾ,

ನಿನ್ನ ಹುಲಿಗೇಶ್ ಮೊನ್ನೆ ಶುಕ್ರವಾರ ಅಂಗಡಿಗೆ ಬಂದಿದ್ದ. ನೀನು ಕಳಿಸಿದೆಯೋ, ತಾನಾಗಿ ಬಂದನೋ, ತಿಳಿಸು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

"ಅಮ್ಮಾರ, ಕಾವ್ಯ ಅವರ ಲ್ಯಾಬಿನಿಂದ ಬಂದೀನ್ರಿ. ಅಪ್ಪನ ಕಣ್ಣಿನ ಆಪರೇಷನ್ ಐತಿ. ಮೆಟ್ರಿಯಾಗ ಅಕ್ಕ ಇದಾಳ, ಕರ್ಕೊಂಡು ಹೋಗಾಕ ಬಂದಿದ್ದೆ. ಲ್ಯಾಬಿನಾಗ ಬೆಲ್ಲ ಮುಗದೈತಿ. ಹೆಂಗೂ ಆ ಕಡೆ ಹೊಂಟೀನಿ, ನಾನ ಒಯ್ದು ಕೊಡ್ತೀನ್ರಿ."

"ಮಗಳು ಕಾಗದದಾಗ ಬರದಿಲ್ಲಲ್ಲಪಾ?"

"ಅವರಿಗೆ ಗೊತ್ತಿಲ್ರಿ. ಡಬ್ಬಿ ಖಾಲಿ ಆಗಿದ್ದು ನಾ ನೋಡೀನಿ. ಅಡಿಗಿ ಮಾಡಾಂವ ನಾನ ಅಲ್ಲೇನ್ರಿ."

"ನೊಣಕ್ಕ ಅಡಿಗಿ ಮಾಡಾಕ ಎಷ್ಟು ಓದಬೇಕು?"

"ಮಾಡಾಕ ಎಂಎಸ್ಸಿ ಸಾಕ್ರಿ. ತಿನ್ನಸಾಕ ಪಿಎಚ್‌ಡಿ ಬೇಕು."

ನಗಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ. ನಾನೇ ನಗಿಸಿ ನಗಿಸಿ ಅಂಗಡಿ ಕಟ್ಟಿದವಳು, ನಗುವವರ ಕೈ ಎಷ್ಟು ಸಡಿಲವಾಗುತ್ತದೆಂದು ಗೊತ್ತು. ಅಷ್ಟರಲ್ಲಿ ಅವನು ಮುಂದಿನ ಸಾಲಿನ ಪೆಂಟೆಯೊಂದನ್ನು ಎತ್ತಿ ಮೂಗಿಗೆ ಹಿಡಿದ. ಬೆಲ್ಲವನ್ನು ಕಣ್ಣಿನಿಂದ ಕೊಳ್ಳುವವರುಂಟು, ಚೂರು ಮುರಿದು ಬಾಯಿಗೆ ಹಾಕಿಕೊಳ್ಳುವವರುಂಟು. ಮೂಸುವವನನ್ನು ಮೊದಲ ಸಲ ಕಂಡೆ.

"ಇದರ ಮ್ಯಾಲೆ ನೊಣ ಕುಂಡ್ರಂಗಿಲ್ಲೇನ್ರಿ?"

"ಶುದ್ಧ ಐತಿ, ಅದಕ್ಕ."

ಅವನು ನಕ್ಕ. ನಾನು ಪೆಂಟೆ ಇಸಿದುಕೊಂಡು ಜಾಗದಲ್ಲಿಟ್ಟೆ. ಒಳಗೆ ಹೋಗಿ ಒಂದು ಗಂಟು ಕಟ್ಟಿ ತಂದೆ. "ಇದು ಮನಿಗಂತ ಇಟ್ಟಿದ್ದು, ತಗೊಂಡ್ ಹೋಗು" ಎಂದೆ. ಎರಡೂ ಕೈ ಚಾಚಿ ತೆಗೆದುಕೊಂಡ.

ಒಂದು ವರ್ಷ ಸೀನಿಯರ್, ಆದರೂ ಇನ್ನೂ ಅಲ್ಲೇ ಇದ್ದಾನೆ. ಏಕೆ? ಅಡುಗೆ ಅವನ ಕೈಯಲ್ಲಿ. ನಿನ್ನ ಹುಳಗಳ ಬಾಯಿ ಅವನ ಕೈಯಲ್ಲಿ. ಇಷ್ಟು ಬರೆದಿಟ್ಟಿರುತ್ತೇನೆ.

ನಿನ್ನ ಅವ್ವ


ಸಂಡೂರು
19 ಡಿಸೆಂಬರ್ 2024

ಅವ್ವಾ,

ನಿನ್ನ ಮಾತಿಗೆ ನಾನು ಆಗ ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಈಗ ಬರೆಯುತ್ತಿದ್ದೇನೆ, ಸಿಟ್ಟು ಬೇರೆ ಕಡೆ ತಿರುಗಿದೆ.

ನನ್ನ ಆರೋಗ್ಯದ ಹುಳಗಳು ಕೆಟ್ಟಿವೆ. ಆರೋ ಎಂಟೋ ಇರಬೇಕಾದ ಕಡೆ ನಲವತ್ತು ಚುಕ್ಕೆ. ಇಡೀ ಬಿಲ್ಲೆ ಹಸಿರಾಗಿ ಉರಿಯುತ್ತಿದೆ. ಅಪ್ಪಣೆಯಿಲ್ಲದ ಸಾವು. ಇದರ ಪಕ್ಕದಲ್ಲಿ ನನ್ನ ತಳಿಯನ್ನಿಟ್ಟು ಏನನ್ನೂ ಹೇಳಲಾಗುವುದಿಲ್ಲ. ಎರಡು ತಿಂಗಳ ಕೆಲಸ ಹೋಯಿತು.

ಮೊದಲು ನನ್ನ ಕೈಯನ್ನೇ ಅನುಮಾನಿಸಿದೆ. ಬಣ್ಣ ಬದಲಿಸಿದೆ, ಸೂಜಿ ಬದಲಿಸಿದೆ. ಆಮೇಲೆ ನಿನ್ನ ಮಗಳಾಗಿ ದಿನಾಂಕ ಹಾಕಿಕೊಂಡು ಕೂತೆ. ಅಕ್ಟೋಬರ್ 18ರಿಂದ ಕೆಟ್ಟಿದೆ. ನವೆಂಬರ್ 18ರಿಂದ ಡಿಸೆಂಬರ್ 8ರವರೆಗೆ ಸರಿ ಇದೆ, ಏಳು, ಆರು, ಎಂಟು. 11ರಿಂದ ಮತ್ತೆ ಕೆಟ್ಟಿದೆ. ಹುಲಿಗೇಶ್ ರಜೆ ಹೋದದ್ದು ನವೆಂಬರ್ 9ಕ್ಕೆ, ಬಂದದ್ದು ಡಿಸೆಂಬರ್ 2ಕ್ಕೆ. ಮೊಟ್ಟೆಯೊಡೆದು ಹುಳ ಬೆಳೆಯಲು ಒಂದು ವಾರ ಹಿಡಿ. ಅವನು ಹೋದ ಮೇಲೆ ಸರಿಹೋಗಿದೆ, ಬಂದ ಮೇಲೆ ಕೆಟ್ಟಿದೆ.

ಬಾಟಲಿಗಳಿಡುವ ಪೆಟ್ಟಿಗೆಯ ಶಾಖ ಸ್ವಲ್ಪ ಏರಿಸಿದರೂ ಕೋಶಗಳು ಸಾಯುತ್ತವೆ. ಅದರ ಬೀಗದಕೈ ಅವನ ಬಳಿಯೇ ಇರುತ್ತದೆ. ಅಡುಗೆಯಲ್ಲಿ ಏನಾದರೂ ಹಾಕಿದನೋ, ಶಾಖ ಏರಿಸಿದನೋ, ಗೊತ್ತಿಲ್ಲ. ಅವನ ಪ್ರಬಂಧವೂ ಇದೇ ರೆಕ್ಕೆಯ ಮೇಲೆ. ನನ್ನದು ಮೊದಲು ಅಚ್ಚಾದರೆ ಅವನದಕ್ಕೆ ಬೆಲೆ ಇಲ್ಲ.

ಮೇಡಂಗೆ ಲಿಖಿತ ದೂರು ಕೊಡಲೇ? ಕೊಟ್ಟರೆ ಸಮಿತಿ ಕೂರುತ್ತದೆ. ತಪ್ಪು ಅವನದೇ ಎಂದಾದರೆ ತೆಗೆದುಹಾಕುತ್ತಾರೆ, ಅವನ ಆರು ವರ್ಷ ಹೋಯಿತು ಎಂದೇ ಲೆಕ್ಕ. ನೀನು ಮನುಷ್ಯರನ್ನು ಕಂಡವಳು. ಹೇಳು.

ಕಾವ್ಯ


ಕಂಪ್ಲಿ
22 ಡಿಸೆಂಬರ್ 2024

ಕಾವ್ಯಾ,

ಕೊಡು.

ನಾನು ಅವನನ್ನು ಕಂಡದ್ದು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲೇ ತಿಳಿಯಿತು. ನೀನು ಐದು ವರ್ಷ ಪಕ್ಕದಲ್ಲಿ ಕೂತು ಈಗ ಕಂಡೆ. ಇರಲಿ, ಕಂಡೆಯಲ್ಲ.

ಆದರೆ ಬಾಯಿಮಾತಿನ ದೂರು ನಿಲ್ಲುವುದಿಲ್ಲ. ನಿನ್ನ ದಿನಾಂಕಗಳು ಬಿಡಿ ಬಿಡಿಯಾಗಿವೆ, ಅವನು ಒಂದೊಂದನ್ನೂ ಕಿತ್ತು ಬಿಸಾಡುತ್ತಾನೆ. ನಾನು ಒಂದು ಹಾಳೆ ಮಾಡಿಕೊಡುತ್ತೇನೆ. ಎಡಕ್ಕೆ ನಿನ್ನ ಚುಕ್ಕೆ, ನಡುವೆ ಅವನ ಹಾಜರಿ, ಬಲಕ್ಕೆ ನಾನು ಪೆಟ್ಟಿಗೆ ಕಳಿಸಿದ ದಿನ. ಯಾವ ಗಾಡಿ, ಯಾರ ಕೈ, ಯಾವ ಪೆಂಟೆ, ಎಲ್ಲ ನನ್ನ ಪುಸ್ತಕದಲ್ಲಿದೆ. ಅವನ ಕೈಗೆ ಕೊಟ್ಟ ಗಂಟೂ ಇದೆ. ಬೆಲ್ಲ ಇಲ್ಲಿಂದ ಸರಿಯಾಗಿ ಹೊರಟಿತ್ತು ಎಂಬುದಕ್ಕೆ ಸಾಕ್ಷಿ ಬೇಕಲ್ಲ. ಮೂರೂ ಸಾಲು ಪಕ್ಕಪಕ್ಕ ನಿಂತರೆ ಮನುಷ್ಯ ತಪ್ಪಿಸಿಕೊಳ್ಳಲಾರ.

ನಾಳೆ ಮಧ್ಯಾಹ್ನ ಗಿರಾಕಿ ಕಡಿಮೆ. ಕೂತು ಮಾಡಿ, ನಾಡಿದ್ದಿನ ಗಾಡಿಗೆ ಕಳಿಸುತ್ತೇನೆ.

ನಿನ್ನ ಅವ್ವ


ಸಂಡೂರು
31 ಡಿಸೆಂಬರ್ 2024

ಅವ್ವಾ,

ನಾಡಿದ್ದು ಎಂದವಳು ಒಂಬತ್ತು ದಿನವಾದರೂ ಹಾಳೆ ಕಳಿಸಿಲ್ಲ. ನಾನು ಎರಡು ಸಲ ಫೋನ್ ಮಾಡಿದೆ, ನೀನು "ಅಂಗಡ್ಯಾಗ ಮಂದಿ ಐತಿ" ಎಂದು ಇಟ್ಟುಬಿಟ್ಟೆ.

27ರಂದು ದೂರು ಕೊಟ್ಟೆ. ಮೇಡಂ ಅವನನ್ನು ಕರೆದು ಬೀಗದಕೈ ವಾಪಸು ತೆಗೆದುಕೊಂಡರು. ಅವನು ಅದನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ಅಡುಗೆಯನ್ನು ಈಗ ನಾನೇ ಮಾಡುತ್ತಿದ್ದೇನೆ. ಮಧ್ಯಾಹ್ನ ಟಿಫಿನ್ ಡಬ್ಬಿ ಹಿಡಿದುಕೊಂಡು ಅವನು ಮೆಟ್ಟಿಲ ಮೇಲೆ ಒಬ್ಬನೇ ಕೂರುತ್ತಾನೆ. ಸಮಿತಿ ಜನವರಿ 10ಕ್ಕೆ.

ನಿನ್ನ ಹಾಳೆ ಬೇಕು.

ಕಾವ್ಯ


ಕಂಪ್ಲಿ
4 ಜನವರಿ 2025

ಕಾವ್ಯಾ,

ಸಂಕ್ರಾಂತಿ ಹತ್ತಿರ ಬಂತು, ಅಂಗಡಿಯಲ್ಲಿ ಕೈ ಬಿಡುವಿಲ್ಲ. ಹಾಳೆ ಆಗಿದೆ, ಒಂದೆರಡು ಕಡೆ ಮತ್ತೆ ನೋಡಬೇಕು.

ಈ ಪೆಟ್ಟಿಗೆಯಲ್ಲಿ ಮನೆಯ ಕಪ್ಪು ಬೆಲ್ಲ ಇದೆ. ಬೇರೆ ಸಿಗಲಿಲ್ಲ. ಇನ್ನು ಇದರಲ್ಲೇ ಅಡುಗೆ ಮಾಡು. ಹಳೆಯದು ಉಳಿದಿದ್ದರೆ ಎತ್ತಿಡು, ಎಸೆಯಬೇಡ.

ದೂರನ್ನು ಸ್ವಲ್ಪ ದಿನ ತಡೆಯಲು ಬರುತ್ತದೆಯೇ ಎಂದು ಮೇಡಂಗೆ ಕೇಳು. ಸುಮ್ಮನೆ ಕೇಳಿದೆ.

ಅವ್ವ


ಸಂಡೂರು
6 ಜನವರಿ 2025

ಅವ್ವಾ,

ನೀನು ಸುಮ್ಮನೆ ಏನನ್ನೂ ಕೇಳುವವಳಲ್ಲ.

ಎರಡು ವಾರದ ಹಿಂದೆ "ಕೊಡು" ಎಂದು ಒಂದೇ ಪದದಲ್ಲಿ ಬರೆದವಳು ಈಗ ತಡೆ ಎನ್ನುತ್ತೀ. ಮಕರ ಸಂಕ್ರಾಂತಿಗೆ ಕಂಪ್ಲಿಯಲ್ಲಿ ಹೊಂಬಣ್ಣದ ಬೆಲ್ಲ ಸಿಗಲಿಲ್ಲ ಎನ್ನುತ್ತೀ. ಹುಲಿಗೇಶನ ಅಕ್ಕ ಮೆಟ್ರಿಯಲ್ಲಿದ್ದಾಳೆ, ನಿನಗೆ ಬೆಲ್ಲ ಕೊಡುವ ತಾಯಪ್ಪನ ಆಲೆಮನೆಯೂ ಮೆಟ್ರಿಯಲ್ಲೇ ಇದೆ. ಅವರು ಯಾರಾದರೂ ಅಂಗಡಿಗೆ ಬಂದಿದ್ದರೇ? ಕಾಲು ಹಿಡಿದರೇ, ಹೆದರಿಸಿದರೇ? ತಾಯಪ್ಪ ಬೆಲ್ಲ ನಿಲ್ಲಿಸುತ್ತೇನೆ ಎಂದನೇ?

ನಿನ್ನನ್ನು ಹೀಗೆ ಕೇಳುವ ದಿನ ಬರುತ್ತದೆಂದು ಅಂದುಕೊಂಡಿರಲಿಲ್ಲ. ಕಪ್ಪು ಬೆಲ್ಲದಲ್ಲೇ ಅಡುಗೆ ಮಾಡಿದ್ದೇನೆ. ಉಳಿದಿದ್ದ ಒಂದು ಹೊಂಬಣ್ಣದ ಪೆಂಟೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಏಕೆ ಎತ್ತಿಡು ಎಂದೆ?

ಕಾವ್ಯ


ಕಂಪ್ಲಿ
8 ಜನವರಿ 2025

ಮಾನ್ಯ ಚಂದ್ರಕಲಾ ಮೇಡಂ ಅವರಿಗೆ,

ನಾನು ಕಾವ್ಯಳ ತಾಯಿ. ಓದಿದ್ದು ಏಳನೇ ಇಯತ್ತೆ. ನಿಮ್ಮ ಸಮಿತಿಯ ಮುಂದೆ ಬರಬೇಕಾದ ಹಾಳೆಯೊಂದು ನನ್ನ ಬಳಿ ಹದಿನೈದು ದಿನದಿಂದ ಇದೆ. ತಡವಾದದ್ದಕ್ಕೆ ಅಂಗಡಿ ಕಾರಣವಲ್ಲ, ನಾನು ಕಾರಣ.

ಹುಲಿಗೇಶನನ್ನು ಸಿಕ್ಕಿಸಲೆಂದೇ ಈ ಹಾಳೆ ಮಾಡಿದೆ. ಮಗಳ ಚುಕ್ಕೆಗಳ ದಿನ, ಅವನ ಹಾಜರಿಯ ದಿನ, ನನ್ನ ಬೆಲ್ಲದ ದಿನ, ಮೂರು ಸಾಲು. ಅಕ್ಟೋಬರ್ 7ರಂದು ನಾನು ಕಳಿಸಿದ್ದು ಹೊಂಬಣ್ಣದ ಬೆಲ್ಲ. ಹನ್ನೊಂದು ದಿನಕ್ಕೆ ಹುಳ ಕೆಟ್ಟವು. ನವೆಂಬರ್ 8ರಂದು ಹುಲಿಗೇಶ್ ಅಂಗಡಿಗೆ ಬಂದ. ಅವನ ಮೇಲೆ ನನಗೆ ಅನುಮಾನವಿತ್ತು. ಅಂಥವನ ಕೈಗೆ ಮುಂದಿನ ಸಾಲಿನ ಮಾಲು ಕೊಡಲು ಮನಸ್ಸಾಗದೆ, ಮನೆಗಿಟ್ಟ ಕಪ್ಪು ಬೆಲ್ಲ ಕಟ್ಟಿಕೊಟ್ಟೆ. ಅದನ್ನು ನಿಮ್ಮಲ್ಲಿ ಕೊಟ್ಟು ಅವನು ರಜೆ ಹೋದ. ಹುಳ ಸರಿಹೋದವು. ಡಿಸೆಂಬರ್ 2ರಂದು ನಾನು ಮತ್ತೆ ಹೊಂಬಣ್ಣದ್ದು ಕಳಿಸಿದೆ, ಅದೇ ದಿನ ಅವನೂ ಬಂದ. ಹುಳ ಕೆಟ್ಟವು. ಅವನ ರಜೆಯ ದಿನಗಳನ್ನೂ ನನ್ನ ಕಪ್ಪು ಬೆಲ್ಲದ ದಿನಗಳನ್ನೂ ಒಂದರ ಮೇಲೊಂದು ಇಟ್ಟರೆ ಅಂಚು ಕೂಡ ಆಚೀಚೆ ಆಗುವುದಿಲ್ಲ.

ಇನ್ನೊಂದು ಮಾತು. ಎರಡು ವರ್ಷದಿಂದ ಅವನೇ ಅಡುಗೆ ಮಾಡುತ್ತಿದ್ದನಂತೆ. ನನ್ನ ಬೆಲ್ಲ ಬರುವವರೆಗೆ ಒಂದು ಚುಕ್ಕೆಯೂ ಹೆಚ್ಚಾಗಿರಲಿಲ್ಲ. ಅದನ್ನು ನನ್ನ ಮಗಳು ನೋಡಲಿಲ್ಲ. ನಾನೂ ನೋಡಲಿಲ್ಲ. ಅನುಮಾನಕ್ಕೆ ಆಗಲೇ ಒಬ್ಬ ಮನುಷ್ಯ ಸಿಕ್ಕಿಬಿಟ್ಟಿದ್ದ.

ಡಿಸೆಂಬರ್ 24ರಂದು ಮೆಟ್ರಿಗೆ ಹೋಗಿ ಆಲೆಮನೆಯ ತಾಯಪ್ಪನನ್ನು ಕೇಳಿದೆ. "ಬೆಲ್ಲ ಬೆಳ್ಳಗ ಆಗಾಕ ಏನ್ ಹಾಕ್ತಿ?"

"ಹೈಡ್ರೋಸ್ ಪುಡಿ, ಅಕ್ಕಾರ. ಕುದಿಯೋ ಕೊಪ್ಪರಿಗಿಗೆ ಒಂದು ಹಿಡಿ. ಬಣ್ಣ ಭಾಳ ಬೇಕಂದ್ರ ಎರಡು."

"ನಮ್ಮನಿಗೆ ಕೊಡೋ ಕರೇದಕ್ಕ?"

"ಅದಕ್ಕ ಬೆಂಡಿಗಿಡದ ಲೋಳಿ ಅಷ್ಟ. ಹಿಂದಿನಿಂದ ಹಂಗ ಅಲ್ಲೇನ್ರಿ?" ಅಂದವನು ನನ್ನ ಮುಖ ನೋಡಿ, "ಈಗ್ಯಾಕ ಕೇಳ್ತೀರಿ, ಅಕ್ಕಾರ?" ಎಂದ.

ಆ ಪುಡಿಯಿಂದಲೇ ಹುಳ ಕೆಟ್ಟವು ಎಂದು ಹೇಳುವಷ್ಟು ನಾನು ಓದಿಲ್ಲ. ನನ್ನ ಮಾತನ್ನು ನಂಬಲೂ ಬೇಡಿ. ಮಗಳ ಬೀರುವಿನಲ್ಲಿ ಹೊಂಬಣ್ಣದ ಪೆಂಟೆ ಒಂದಿದೆ, ಕಪ್ಪು ಬೆಲ್ಲವೂ ಇದೆ. ಒಂದೇ ದಿನ, ಒಂದೇ ಒಲೆ, ಒಂದೇ ಕೈ. ಎರಡು ಬಾಟಲಿ ಮಾಡಿ. ಆ ಕೈ ನನ್ನ ಮಗಳದಾಗುವುದು ಬೇಡ, ಹುಲಿಗೇಶನದೂ ಬೇಡ, ನಿಮ್ಮದಾಗಲಿ. ಯಾವ ಬಾಟಲಿಯಲ್ಲಿ ಯಾವ ಬೆಲ್ಲ ಎಂದು ಎಣಿಸುವವರಿಗೆ ಹೇಳಬೇಡಿ.

ಅಲ್ಲಿಯವರೆಗೆ ಅವನನ್ನು ತೆಗೆಯಬೇಡಿ. ನನ್ನ ಬೋರ್ಡಿನ ಮೇಲೆ "ಪುಡಿ ಬೆರೆಸದ ಶುದ್ಧ ಬೆಲ್ಲ" ಎಂದಿದೆ. ಅದು ಸುಳ್ಳು ಎಂದು ಅಂಗಡಿಯ ಮುದ್ರೆ ಒತ್ತಿ ಬರೆದುಕೊಡುತ್ತಿದ್ದೇನೆ. ಇದನ್ನು ಸಮಿತಿಯಲ್ಲಿ ಓದಿ. ಅವನಿಗೂ ತೋರಿಸಿ.

ಇಂತು,
ಪಂಪಮ್ಮ, ಬೆಲ್ಲದ ಅಂಗಡಿ, ಕಂಪ್ಲಿ
(ಇದರದೇ ಪ್ರತಿ ನನ್ನ ಮಗಳಿಗೆ)


ದೋಣಿಮಲೈ
26 ಜನವರಿ 2025

ಪಂಪಮ್ಮನವರಿಗೆ ನಮಸ್ಕಾರ.

ಮೇಡಂ ಎರಡು ಬಾಟಲಿ ಮಾಡಿದರು. ಬೇರೆ ಲ್ಯಾಬಿನವರು ಎಣಿಸಿದರು. ಕಪ್ಪು ಬೆಲ್ಲದ ಹುಳದಲ್ಲಿ ಏಳು, ಹೊಂಬಣ್ಣದ್ದರಲ್ಲಿ ನಲವತ್ಮೂರು. ಮೂರು ಸಲ ಎಣಿಸಿದರೂ ಹೆಚ್ಚುಕಡಿಮೆ ಅಷ್ಟೇ. ಸಮಿತಿಯವರು ದೂರಿನ ಕಡತ ಮುಚ್ಚಿದರು. ಬೀಗದಕೈ ವಾಪಸು ಬಂತು.

ಅಂದು ಅಂಗಡಿಯಲ್ಲಿ ಪೆಂಟೆ ಮೂಸಿದಾಗ ಸುಟ್ಟ ಬೆಂಕಿಕಡ್ಡಿಯ ವಾಸನೆ ಬಂದಿತ್ತು, ಅದು ಆ ಪುಡಿಯ ಗಂಧಕದ್ದು. ಆಗ ಅದನ್ನು ಹುಳಗಳ ಜೊತೆ ಸೇರಿಸಿ ನೋಡುವಷ್ಟು ಬುದ್ಧಿ ಓಡಲಿಲ್ಲ. ಓಡುವ ಹೊತ್ತಿಗೆ ದೂರು ಬಿದ್ದಿತ್ತು. ಆಮೇಲೆ ನಾನು "ಅವರ ಅವ್ವನ ಬೆಲ್ಲ" ಎಂದಿದ್ದರೆ, ಕಳ್ಳ ಇನ್ನೊಬ್ಬರ ಮನೆ ತೋರಿಸುತ್ತಿದ್ದಾನೆ ಎನ್ನುತ್ತಿದ್ದರು.

ಕಾವ್ಯ ಕ್ಷಮೆ ಕೇಳಿದರು. ಆಗಲಿ ಎಂದೆ. ಟಿಫಿನ್ ಮಾತ್ರ ಇನ್ನೂ ಮೆಟ್ಟಿಲ ಮೇಲೇ ತಿನ್ನುತ್ತಿದ್ದೇನೆ. ಅಭ್ಯಾಸವಾಗಿದೆ.

ನಿಮ್ಮ ಕಾಗದದಲ್ಲಿ ಒಂದು ಸಾಲು ಓದಿ ಕಷ್ಟವಾಯಿತು, ಹೇಳದಿದ್ದರೆ ಮನಸ್ಸಿನಲ್ಲೇ ಉಳಿಯುತ್ತದೆ. ಅಂದು ನೀವು ಒಳಗೆ ಹೋಗಿ "ಮನಿಗಂತ ಇಟ್ಟಿದ್ದು" ಎಂದು ಗಂಟು ಕೊಟ್ಟಾಗ, ನನ್ನನ್ನು ಮನೆಯವನ ಹಾಗೆ ಕಂಡಿರಿ ಎಂದುಕೊಂಡಿದ್ದೆ. ಅಕ್ಕನಿಗೂ ಹಾಗೇ ಹೇಳಿದ್ದೆ.

ಹುಲಿಗೇಶ್


ಸಂಡೂರು
3 ಫೆಬ್ರವರಿ 2025

ಅವ್ವಾ,

ಮೇಡಂ ನನಗೆ ಇನ್ನೂ ನಾಲ್ಕು ತಿಂಗಳ ಅವಧಿ ಕೊಡಿಸಿದ್ದಾರೆ. ಎಲ್ಲವನ್ನೂ ಮೊದಲಿನಿಂದ ಎಣಿಸಬೇಕು, ಎಣಿಸುತ್ತೇನೆ.

ಸಮಿತಿಯಲ್ಲಿ ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿದ ಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನಿನ್ನ ತಾಯಿ ಧೈರ್ಯವಂತೆ ಎಂದು ಮೇಡಂ ಹೇಳಿದರು. ನಾನು ತಲೆಯಾಡಿಸಿದೆ.

ಆದರೆ ಆ ಕಾಗದದಲ್ಲಿ ಒಂದು ಸಾಲು ಕಡಿಮೆ ಇದೆ. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಮನೆಯೊಳಗೆ ಹೊಂಬಣ್ಣದ ಬೆಲ್ಲ ಬಂದದ್ದನ್ನು ನಾನು ಕಂಡಿಲ್ಲ. ಕೇಳಿದರೆ ನೀನು, "ಮಾರೋದನ್ನ ನಾವ ತಿಂದ್ರ ಅಂಗಡಿ ಉಳಿತೈತೇನು?" ಎನ್ನುತ್ತಿದ್ದೆ. ನಮ್ಮದು ಬಡತನ, ಅದಕ್ಕೇ ಕಪ್ಪು ಬೆಲ್ಲ ಎಂದುಕೊಂಡು ಬೆಳೆದೆ.

ತಾಯಪ್ಪ ನಿನ್ನನ್ನು "ಈಗ್ಯಾಕ ಕೇಳ್ತೀರಿ" ಎಂದನಲ್ಲ. ನಿನಗೆ ಪುಡಿಯ ವಿಷಯ ತಿಳಿದದ್ದು ಡಿಸೆಂಬರಿನಲ್ಲೋ, ನಾನು ಚಿಕ್ಕವಳಿದ್ದಾಗಲೋ?

ಕಾವ್ಯ


ಕಂಪ್ಲಿ
24 ಫೆಬ್ರವರಿ 2025

ಕಾವ್ಯಾ,

ನೀನು ಚಿಕ್ಕವಳಿದ್ದಾಗಲೇ.

ಇದನ್ನು ಬರೆಯಲು ಮೂರು ವಾರ ಹಿಡಿಯಿತು, ಅದನ್ನೂ ಬರೆದುಕೋ. ನಿನ್ನ ಅಪ್ಪ ತೀರಿಕೊಂಡ ಮರುವರ್ಷ ನಾನು ತಲೆಯ ಮೇಲೆ ಬುಟ್ಟಿ ಹೊತ್ತು ಹಂಪಿ, ಹೊಸಪೇಟೆ ತಿರುಗಿ ಬೆಲ್ಲ ಮಾರುತ್ತಿದ್ದೆ. ಕಪ್ಪು ಬೆಲ್ಲವನ್ನು ಜನ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಒಂದು ದಿನ ತಾಯಪ್ಪನ ಕೊಪ್ಪರಿಗೆಯ ಹಿಂದೆ ಬಿಳಿ ಪುಡಿಯ ಡಬ್ಬಿ ಕಂಡೆ. ಮುಚ್ಚಳ ತೆರೆದಿತ್ತು. ಅವನು ನನ್ನನ್ನು ನೋಡಿದ, ನಾನು ಕಬ್ಬಿನ ಗಾಡಿಯ ಕಡೆ ನೋಡಿದೆ. ಕೇಳಿದ್ದರೆ ಅವನು ಹೇಳುತ್ತಿದ್ದ. ಕೇಳಲಿಲ್ಲ. "ನಮ್ಮನಿಗೆ ಬ್ಯಾರೆ ಮಾಡು" ಎಂದಷ್ಟೇ ಹೇಳಿದೆ. ನೀನು ಆಗ ಎರಡನೇ ಇಯತ್ತೆ. ಊರಿನವರ ಮಕ್ಕಳೂ ಎರಡನೇ ಇಯತ್ತೆಯಲ್ಲೇ ಇದ್ದರು. ನಾನು ನಿನ್ನೊಬ್ಬಳನ್ನೇ ಎಣಿಸಿದೆ.

ಇಷ್ಟು ವರ್ಷ ಕಂಡಕ್ಟರನ ಮೇಲೆ, ಗಿರಾಕಿಯ ಮೇಲೆ, ಮೂಸಿ ನೋಡಿದ ಆ ಹುಡುಗನ ಮೇಲೆ ಅನುಮಾನ ಪಟ್ಟೆ. ನನ್ನ ಮೇಲೆ ಇನ್ನೊಬ್ಬರು ಪಡುವ ಮೊದಲೇ ನಾನು ಅವರ ಮೇಲೆ ಪಟ್ಟುಬಿಡುತ್ತಿದ್ದೆ ಅನ್ನಿಸುತ್ತದೆ. ಈಗ ಹೇಳಿ ಏನು.

ಬೋರ್ಡು ಇಳಿಸಿದೆ. ನಿನ್ನ ಜೀವಕೋಶಗಳ ಹಾಗೆ ಪಕ್ಕದವರಿಗೆ ತಿಳಿಯದಂತೆ ಮಡಚಿಕೊಂಡು ಹೋಗಲಿಲ್ಲ ಅದು. ಮೊಳೆ ತುಕ್ಕು ಹಿಡಿದು, ಸುತ್ತಿಗೆಯ ಸದ್ದಿಗೆ ಇಡೀ ಓಣಿ ಹೊರಗೆ ಬಂತು. ಹೋಟೆಲಿನ ದುರುಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಕ್ಕ, ಬಣ್ಣ ಹಚ್ಚಸ್ತೀಯೇನು?"

"ಇಲ್ಲವ್ವ. ಇಷ್ಟು ದಿನ ಹಚ್ಚಿದ್ದ ಸಾಕಾತು."

ಮರುದಿನ ಬೆಲ್ಲಕ್ಕೆ ಬಂದವಳು ಮುಂದಿನ ಸಾಲು ನೋಡಿ ಮುಖ ಕಿವುಚಿದಳು. "ಇದೇನ ಇದು, ಇಷ್ಟು ಕರ್ರಗ? ಮ್ಯಾಲೆ ನೊಣ ಬ್ಯಾರೆ ಮುಕರ್‍ಯಾವು!" ಪುಡಿಯ ಕಥೆ ಪೂರ್ತಿ ಹೇಳಿದೆ. ಕೇಳಿ, "ನನ್ನ ಮೊಮ್ಮಕ್ಕಳಿಗೆ ಹೋಳಿಗಿ ಮಾಡಿದ್ದೂ ಅದ ಬೆಲ್ಲನ?" ಎಂದಳು. ಹೌದು ಎಂದೆ. ಏನೂ ಕೊಳ್ಳದೆ ಹೋದಳು. ಅವಳು ಹೋದದ್ದು ಸರಿ. ವಾರವಾಯಿತು, ಇನ್ನೂ ಬಂದಿಲ್ಲ.

ಹೌದು, ನೊಣ ಬರುತ್ತವೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಮುಂದಿನ ಸಾಲಿನ ಮೇಲೆ ಕೂರುತ್ತಿವೆ. ಓಡಿಸುವ ಬಟ್ಟೆ ಗೂಟದಲ್ಲಿದೆ. ಕೆಲವು ಸಲ ಎದ್ದು ಹೋಗಿ ತೆಗೆದುಕೊಳ್ಳುತ್ತೇನೆ, ಕೆಲವು ಸಲ ಕೂತು ನೋಡುತ್ತೇನೆ. ಬಿಸಿಲಿಗೆ ಅವುಗಳ ರೆಕ್ಕೆ ನಿಜವಾಗಿ ಗಾಜಿನ ಹಾಗೇ ಇದೆ, ಕಾವ್ಯಾ. ನೀನು ಬರೆದಾಗ ಸುಮ್ಮನೆ ಬರೆದಿದ್ದೀ ಎಂದುಕೊಂಡಿದ್ದೆ.

ಈ ಪೆಟ್ಟಿಗೆಯಲ್ಲಿ ಆರು ಪೆಂಟೆ ಇದೆ. ಐದು ನಿನ್ನ ಹುಳಗಳಿಗೆ. ಆರನೆಯದನ್ನು ಬಿಳಿ ಬಟ್ಟೆಯಲ್ಲಿ ಬೇರೆ ಸುತ್ತಿದ್ದೇನೆ, ಅದು ಹುಲಿಗೇಶನಿಗೆ. ಮನೆಗೆಂದು ಇಟ್ಟದ್ದು ಎಂದು ಹೇಳಿ ಕೊಡು. ಮೇಜಿನ ಮೇಲಿಟ್ಟು ಬರಬೇಡ, ಮೆಟ್ಟಿಲಿಗೆ ಹೋಗಿ ಕೊಡು.

ಎಣಿಸುವುದು ಬೇಡ ಎಂದು ಬರೆಯಬೇಕೆಂದಿದ್ದೆ. ಇಲ್ಲ, ಎಣಿಸು. ಒಂದೊಂದನ್ನೂ ಮುರಿದು ನೋಡು, ಮೂಸಿ ನೋಡು. ನಾನು ಕಳಿಸಿದ್ದನ್ನು ಇನ್ನು ಮೇಲೆ ನೋಡದೆ ತೆಗೆದುಕೊಳ್ಳಬೇಡ.

ನಿನ್ನ ಅವ್ವ,
ಪಂಪಮ್ಮ